ಮಾಂಟ್ರಿಯಲ್ ಜಾಝ್ ಉತ್ಸವ: ಟಿಕೆಟ್ ಬೇಕೇ ಬೇಕಾ?

ನಮಸ್ಕಾರ ಮೇಡಂ. ಜೂನ್ ಕೊನೆಗೆ ಮಗನ ಮನೆಗೆ ಕೆನಡಾದ ಮಾಂಟ್ರಿಯಲ್‌ಗೆ ಹೋಗುತ್ತಿದ್ದೀರಿ, ಯಜಮಾನರಿಗೆ ಮಂಡಿನೋವು, ಜಾಝ್ ಉತ್ಸವಕ್ಕೆ ದುಬಾರಿ ಟಿಕೆಟ್ ತಗೊಳ್ಳಲೇಬೇಕಾ ಅಂತ ಕೇಳಿದ್ದೀರಿ.

ಖಂಡಿತ ಬೇಕಿಲ್ಲ. ಬಯಲು ವೇದಿಕೆಗಳಲ್ಲಿ ನಡೆಯುವುದೆಲ್ಲ ಉಚಿತ, ಅರ್ಧಕ್ಕಿಂತ ಜಾಸ್ತಿ ಕಾರ್ಯಕ್ರಮ ಅಲ್ಲೇ ಇರುತ್ತವೆ. ಪ್ಲಾಸ್ ದೆಜ಼ಾರ್ ಮೆಟ್ರೋದಲ್ಲಿ ಇಳಿದರೆ ಸಾಕು. ದೊಡ್ಡ ವೇದಿಕೆಯ ಮುಂದೆ ರಾತ್ರಿ ಕಾಲಿಡಲೂ ಜಾಗ ಇರಲ್ಲ, ಆದ್ದರಿಂದ ಸಂಜೆಯೇ ಹೋಗಿ. ಬೇಸಿಗೆಯಲ್ಲಿ ಅಲ್ಲಿ ಎಂಟೂವರೆಗೂ ಬೆಳಕು ಇರುತ್ತದೆ, ಅವಸರ ಬೇಡ.

ಟಿಕೆಟ್ ತಗೊಂಡು ಒಂದೇ ಒಂದು ಸಂಗೀತ ಕಛೇರಿ ಕೇಳುವುದಾದರೆ ಜ಼ೆಸು ಹಾಲ್‌ನಲ್ಲಿ ಕೇಳಿ. ಬ್ಲೂರಿ ರಸ್ತೆಯ ಹಳೇ ಚರ್ಚಿನ ಕೆಳಗಿರುವ ಚಿಕ್ಕ ಸಭಾಂಗಣ ಅದು. ಅರ್ಧವೃತ್ತದಲ್ಲಿ ಕುರ್ಚಿ, ಎಲ್ಲಿ ಕೂತರೂ ವೇದಿಕೆ ಹತ್ತಿರವೇ. ಡ್ರಮ್ ಮೇಲೆ ಬ್ರಷ್ ಸವರುವ ಸದ್ದೂ ಕಿವಿಗೆ ಬೀಳುತ್ತದೆ. ಉತ್ಸವದ ಇನ್ನೊಂದು ಸಭಾಂಗಣ ಎಂಟೆಲಸ್ ಹಾಲ್‌ನಲ್ಲಿ ಸಾಮಾನ್ಯವಾಗಿ ನಿಂತೇ ಕೇಳಬೇಕು, ಮಂಡಿನೋವಿಗೆ ಅದು ಬೇಡ.

ದೊಡ್ಡ ಹೆಸರುಗಳ ಹಿಂದೆಯೇ ಓಡಬೇಡಿ. 1980ರ ಮೊದಲ ಉತ್ಸವದಲ್ಲೇ ಅಮೆರಿಕದ ಹೆಸರಾಂತ ಗಾಯಕ ರೇ ಚಾರ್ಲ್ಸ್ ಹಾಡಿದ್ದರು, ನಿಜ. ಆದರೆ ಊರಿನ ಕಲಾವಿದರೂ ಸಾಮಾನ್ಯದವರಲ್ಲ. ಪಿಯಾನೋ ಮಾಂತ್ರಿಕ ಆಸ್ಕರ್ ಪೀಟರ್ಸನ್ 1925ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ರೈಲ್ವೆ ಪೋರ್ಟರ್ ಮಗನಾಗಿ. ಅವರಕ್ಕ ಡೇಸಿ ಮನೆಯಲ್ಲಿ ತಮ್ಮನಿಗೂ ಕಲಿಸಿದರು, ಮುಂದೆ ಹೆಸರು ಮಾಡಿದ ಪಿಯಾನೋ ವಾದಕ ಆಲಿವರ್ ಜೋನ್ಸ್‌ಗೂ ಕಲಿಸಿದರು. ಎಂಥಾ ಮನೆ ಅಲ್ವಾ! ಅವರು ಬೆಳೆದ ಲಿಟಲ್ ಬರ್ಗಂಡಿ ಬಡಾವಣೆಯಲ್ಲಿ ಗೋಡೆ ತುಂಬ ಆಸ್ಕರ್ ಚಿತ್ರ ಇದೆ. ಮಗನಿಗೆ ಹೇಳಿ, ಒಂದು ಬೆಳಿಗ್ಗೆ ಕಾರಲ್ಲಿ ಕರೆದುಕೊಂಡು ಹೋಗಲಿ.