ತಮ್ಮ ಬೈಕ್‌ನಿಂದ ಬಿದ್ದಿದ್ದಾನೆ, ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಯಾರ ಪರ ನಿಲ್ಲಲಿ?

ನೀವು ಬರೆದಿದ್ದು ಇಷ್ಟು: ಹದಿನೇಳು ವರ್ಷದ ತಮ್ಮ ಮನೆಯಲ್ಲಿ ಹೇಳದೆ ಗೆಳೆಯನ ಬೈಕ್ ಓಡಿಸಿದ್ದಾನೆ. ಹೋದ ವಾರ ತಿರುವಿನಲ್ಲಿ ಜಾರಿ ಬಿದ್ದಿದ್ದಾನೆ. ಕಾಲರ್ ಬೋನ್ ಮುರಿದಿದೆ, ಮೊಣಕೈ, ಮಂಡಿ ತರಚಿವೆ. ಹಿಂದೆ ಕೂತಿದ್ದ ಗೆಳೆಯನಿಗೆ ಸಣ್ಣಪುಟ್ಟ ಗಾಯ. ಅಪ್ಪ ಆಸ್ಪತ್ರೆಯಲ್ಲೇ ಎಲ್ಲರೆದುರು ಬೈದರು, ಆಮೇಲೆ ಅವನ ಜೊತೆ ಮಾತೇ ಆಡಿಲ್ಲ. ಅಮ್ಮ ರಾತ್ರಿ ಎದ್ದೆದ್ದು ಅವನನ್ನು ನೋಡಿ ಬರುತ್ತಾರೆ. ತಮ್ಮ ಕೇಳಿದ್ದಕ್ಕೆಲ್ಲ "ಏನೂ ಇಲ್ಲ" ಅನ್ನುತ್ತಾನೆ. ಅಕ್ಕನಾಗಿ ಯಾರ ಪರ ನಿಲ್ಲಬೇಕು ಅಂತ ಕೇಳಿದ್ದೀರಿ.

ಪರ ವಿರೋಧದ ಲೆಕ್ಕ ಸದ್ಯಕ್ಕೆ ಬಿಡಿ. ಈಗ ಮನೆಯಲ್ಲಿ ಅವನು ನಿಜ ಹೇಳಬಹುದಾದ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವಾಗಿ.

ನಾನು ಫಿಸಿಯೋಥೆರಪಿಸ್ಟ್. ಗಾಡಿಯಿಂದ ಬಿದ್ದ ಹುಡುಗರು ನನ್ನ ಹತ್ತಿರ ಬರುವುದು ಗಲಾಟೆಯೆಲ್ಲ ತಣ್ಣಗಾದ ಮೇಲೆ. ಪ್ಲಾಸ್ಟರ್ ಬಿಚ್ಚಿರುತ್ತಾರೆ, ನೋಡಲು ಬರುವ ನೆಂಟರೂ ನಿಂತಿರುತ್ತಾರೆ. ಕೈ ಎತ್ತಿಸುತ್ತಾ, ಮಂಡಿ ಮಡಚಿಸುತ್ತಾ ವಾರಗಟ್ಟಲೆ ಅವರ ಜೊತೆ ಕಳೆಯುತ್ತೇನೆ. ನೋವು ಮರೆಯಲಿ ಅಂತ ಏನಾದರೂ ಮಾತು ತೆಗೆದರೆ, ಮನೆಯಲ್ಲಿ ಹೇಳದ್ದನ್ನೆಲ್ಲ ಹೇಳುತ್ತಾರೆ. "ಆವತ್ತು ತಲೆ ತಿರುಗ್ತಿತ್ತು, ಹೇಳಲಿಲ್ಲ." "ಇನ್ನೊಂದು ಕಡೆನೂ ನೋಯ್ತಿತ್ತು, ಅಪ್ಪ ಇನ್ನೂ ರೇಗ್ತಾರೆ ಅಂತ ಸುಮ್ನಿದ್ದೆ." ಇದು ನನಗೆ ತುಂಬಾ ಪರಿಚಯದ ಮಾತು. ನಿಮ್ಮ ತಮ್ಮನ "ಏನೂ ಇಲ್ಲ" ಓದಿದ ಕೂಡಲೇ ನನಗೆ ಚಿಂತೆಯಾಗಿದ್ದು ಅದಕ್ಕೇ.

ಯಾಕೆ ಅಂದರೆ, ಬಿದ್ದ ಪೆಟ್ಟೆಲ್ಲ ಮೊದಲ ದಿನವೇ ಕಾಣುವುದಿಲ್ಲ. ಬೀಳುವಾಗ ಯಾರೇ ಆದರೂ ಅಂಗೈ ಊರುತ್ತಾರೆ. ಆಗ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಹತ್ತಿರ, ಸ್ಕೇಫಾಯ್ಡ್ ಅನ್ನುವ ಚಿಕ್ಕ ಮೂಳೆ ಸೀಳುವುದುಂಟು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೇ ಹೋಗಬಹುದು. ಊತವೂ ಹೆಚ್ಚಿರುವುದಿಲ್ಲ, ಹುಡುಗ ಉಳುಕಿದೆ ಅಂದುಕೊಳ್ಳುತ್ತಾನೆ. ಆ ಮೂಳೆಗೆ ರಕ್ತ ಬರುವ ದಾರಿಯೇ ಇಕ್ಕಟ್ಟು. ಹಾಗೇ ಬಿಟ್ಟರೆ ಕೂಡಿಕೊಳ್ಳದೇ ಉಳಿಯಬಹುದು, ಮುಂದೆ ವರ್ಷಗಟ್ಟಲೆ ಕಾಡಬಹುದು. ಕಾಲರ್ ಬೋನ್ ಮುರಿದಾಗ ಎಲ್ಲರ ಗಮನವೂ ಭುಜದ ಮೇಲೆ. ಮಣಿಕಟ್ಟನ್ನು ಯಾರೂ ಕೇಳುವುದಿಲ್ಲ, ಬೈಗುಳಕ್ಕೆ ಹೆದರಿದ ಹುಡುಗ ತಾನಾಗಿ ಹೇಳುವುದೂ ಇಲ್ಲ. ಇವತ್ತೇ ಅವನ ಎರಡೂ ಕೈ ಹಿಡಿದು, ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ ಬೀಳುವ ಗುಳಿಯನ್ನು ಮೆಲ್ಲಗೆ ಒತ್ತಿ ನೋಡಿ. ನೋವಿದ್ದರೆ ಡಾಕ್ಟರಿಗೆ ಹೇಳಿ.

ತಲೆಯ ವಿಷಯ ಇನ್ನೂ ಮುಖ್ಯ. ಹೆಲ್ಮೆಟ್ ಹಾಕಿದ್ದ, ಆದರೆ ಪಟ್ಟಿ ಬಿಗಿದಿರಲಿಲ್ಲ, ಬಿದ್ದಾಗ ಕಳಚಿ ಹೋಯಿತು ಅಂತ ಬರೆದಿದ್ದೀರಿ. ಬಿದ್ದ ಗಳಿಗೆ ಅವನಿಗೆ ನೆನಪಿದೆಯಾ? ಎದ್ದು ನಿಂತಿದ್ದು, ಯಾರು ಕರೆತಂದರು ಅನ್ನುವುದು? ನಡುವೆ ಒಂದು ತುಂಡು ನೆನಪೇ ಇಲ್ಲ ಅಂದರೆ ಮೆದುಳಿಗೆ ಅಲುಗಾಟ ಆಗಿದೆ ಅಂತಲೇ ಅಂದುಕೊಂಡು ಡಾಕ್ಟರಿಗೆ ತಿಳಿಸಿ. ಸ್ಕ್ಯಾನ್ ಸರಿಯಾಗಿದ್ದರೂ ಇಂಥ ಪೆಟ್ಟಿನ ನಂತರ ತಲೆನೋವು, ಬೆಳಕು ಸಹಿಸಲು ಆಗದಿರುವುದು, ಓದಿದ್ದು ತಲೆಗೆ ಹತ್ತದಿರುವುದು, ಸಿಡುಕು, ಇವೆಲ್ಲ ಕೆಲವು ವಾರ ಇರಬಹುದು. ಇದೇ ಹೊತ್ತಿಗೆ ಮನೆಯಲ್ಲಿ "ಮಾಡೋದೆಲ್ಲ ಮಾಡಿ ಈಗ ಓದೋದೂ ಇಲ್ಲ, ಮುಖ ಸಿಂಡರಿಸ್ಕೊಂಡು ಕೂತಿದಾನೆ" ಅಂತ ಶುರುವಾಗುತ್ತದೆ. ಹುಡುಗನಿಗೂ ತನಗೇನಾಗಿದೆ ಅಂತ ಗೊತ್ತಿರುವುದಿಲ್ಲ, ಪಾಪ. ಪೂರ್ತಿ ಗುಣವಾಗುವ ತನಕ ತಲೆಗೆ ಮತ್ತೆ ಪೆಟ್ಟು ಬೀಳುವಂಥ ಆಟ ಬೇಡವೇ ಬೇಡ.

ತಲೆನೋವು ದಿನೇದಿನೇ ಜಾಸ್ತಿಯಾಗುತ್ತಾ ಹೋದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಾತು ತೊದಲಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನಂಥದ್ದು ಸೋರಿದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಹೊಟ್ಟೆನೋವೂ ಅಷ್ಟೇ. ಹ್ಯಾಂಡಲ್ ತಗುಲಿ ಒಳಗೆ ಗುಲ್ಮಕ್ಕೋ ಯಕೃತ್ತಿಗೋ ಪೆಟ್ಟಾಗಿದ್ದರೆ ಹೊರಗೆ ಒಂದು ಗೀರೂ ಇರದೇ ಇರಬಹುದು.

ಇನ್ನು ಅಪ್ಪ. ಅವರ ಬೈಗುಳದ ಬಗ್ಗೆ ನೀವು ತುಂಬಾ ನೊಂದುಕೊಂಡಿದ್ದೀರಿ. ನನಗೆ ಅದಕ್ಕಿಂತ ಆಮೇಲಿನ ಮೌನವೇ ಕಷ್ಟ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ ಕೂಗಾಡುವ ಅಪ್ಪಂದಿರಲ್ಲಿ ಬಹುಪಾಲು ಜನ ಹೆದರಿದವರು. ಫೋನ್ ಬಂದ ಗಳಿಗೆಯಿಂದ ಮಗನ ಮುಖ ನೋಡುವ ತನಕ ಅವರ ತಲೆಯಲ್ಲಿ ಏನೇನು ಓಡಿರುತ್ತದೆ ಅಂತ ಯೋಚಿಸಿ. ಬದುಕಿದ್ದಾನೆ ಅಂತ ಗೊತ್ತಾದ ಕ್ಷಣ ಆ ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬರುತ್ತದೆ. ಹುಡುಗರು ಅದನ್ನು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. "ಅಪ್ಪ ಬೈದ್ರು, ಬೈಲೇಬೇಕಿತ್ತು" ಅಂತ ನನ್ನ ಹತ್ತಿರ ಹೇಳಿದವರಿದ್ದಾರೆ. ಮಾತು ಬಿಟ್ಟಿದ್ದನ್ನು ಮಾತ್ರ ಹಾಗೆ ತಗೊಳ್ಳುವುದಿಲ್ಲ. ಅಪ್ಪನಿಗೆ ನಾನು ಬೇಡವಾದೆ ಅಂತಲೇ ಅವರಿಗೆ ಅನ್ನಿಸುವುದು. ದಿನ ಕಳೆದಷ್ಟೂ ಮೊದಲ ಮಾತು ಯಾರು ಆಡಬೇಕು ಅನ್ನುವುದೇ ದೊಡ್ಡ ವಿಷಯವಾಗಿ ಕೂರುತ್ತದೆ.

ಅಪ್ಪನ ಹತ್ತಿರ ತಮ್ಮನ ಪರವಾಗಿ ವಾದ ಮಾಡಬೇಡಿ. "ಅವನೇನು ಬೇಕೂಂತ ಬಿದ್ನಾ" ಅಂದರೆ ಅವರು ಅವನ ತಪ್ಪುಗಳನ್ನು ಎಣಿಸಲು ಕೂರುತ್ತಾರೆ. ಅವರ ಹೆದರಿಕೆಯ ಬಗ್ಗೆ ಕೇಳಿ. "ಫೋನ್ ಬಂದಾಗ ಏನಾಯ್ತಪ್ಪಾ ನಿಮಗೆ?" ಅಂತ ಒಂದು ಸಲ ಕೇಳಿ ಸುಮ್ಮನೆ ಕೂತುಬಿಡಿ. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರುವುದಿಲ್ಲ. ಎಲ್ಲರೂ ಹುಡುಗನ ಬಗ್ಗೆ ಕೇಳುತ್ತಾರೆ, ಅಮ್ಮನನ್ನು ಸಮಾಧಾನ ಮಾಡುತ್ತಾರೆ, ಅಪ್ಪ ಬಿಲ್ಲು, ಔಷಧಿ ಅಂತ ಓಡಾಡುತ್ತಿರುತ್ತಾರೆ. ಅವರು ಏನಾದರೂ ಹೇಳಿದರೆ, ಅದನ್ನೇ ತಮ್ಮನಿಗೂ ಹೇಳಲು ಕೇಳಿಕೊಳ್ಳಿ. "ನಿನ್ನನ್ನ ಕಳ್ಕೊಂಡೆ ಅನ್ಕೊಂಡಿದ್ದೆ" ಅನ್ನುವ ಒಂದು ಮಾತು ಅಪ್ಪನ ಬಾಯಿಂದ ಬಂದರೆ ಸಾಕು. ಉಪದೇಶ ಆಮೇಲೆ ಮಾಡಲಿ, ಬೇಕಾದಷ್ಟು ಹೊತ್ತಿದೆ.

ಉಪದೇಶದ ಬಗ್ಗೆ ಒಂದು ಮಾತು ಹೇಳಲೇಬೇಕು. "ಅಷ್ಟೂ ಬುದ್ಧಿ ಇಲ್ವಾ" ಅಂತ ಎಲ್ಲರೂ ಕೇಳುತ್ತಾರೆ. ಬುದ್ಧಿ ಇರುತ್ತದೆ. ವೇಗ ಅಪಾಯ ಅಂತ ಹದಿನೇಳರ ಹುಡುಗನಿಗೆ ಚೆನ್ನಾಗೇ ಗೊತ್ತು. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಗಾಡಿ ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು. ಗೆಳೆಯರು ನೋಡುತ್ತಿದ್ದಾಗ 13ರಿಂದ 16ರ ಹುಡುಗ ಹುಡುಗಿಯರು ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ತನ್ನನ್ನು ತಡೆದು ನಿಲ್ಲಿಸಿಕೊಳ್ಳುವ ಮೆದುಳಿನ ಮುಂಭಾಗ ಪೂರ್ತಿ ಬೆಳೆಯುವುದು ಇಪ್ಪತ್ತು ದಾಟಿ ಕೆಲವು ವರ್ಷವಾದ ಮೇಲೆ. ಹಿಂದೆ ಗೆಳೆಯ ಕೂತಿದ್ದ ಅಂತ ನೀವು ಬರೆದಿದ್ದರಲ್ಲಿ ಅರ್ಧ ಕಥೆ ಇದೆ. ಹಾಗಂತ ಅವನ ತಪ್ಪು ಇಲ್ಲ ಅಂತ ಅಲ್ಲ. ವೇಗ ಬೇಡ ಅಂತ ನೂರು ಸಲ ಹೇಳುವುದಕ್ಕಿಂತ, ಹೊಸದಾಗಿ ಓಡಿಸುವವನ ಹಿಂದೆ ಯಾರೂ ಕೂರುವ ಹಾಗಿಲ್ಲ ಅನ್ನುವ ಒಂದು ನಿಯಮ ಹೆಚ್ಚು ಕೆಲಸ ಮಾಡುತ್ತದೆ ಅಂತ ಹೇಳುತ್ತಿದ್ದೇನೆ.

ಗೆಳೆಯನ ಗಾಡಿ ಅನ್ನುವುದು ಇನ್ನರ್ಧ. ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ಕೂಲಂಕಷವಾಗಿ ನೋಡಿ 1981ರಲ್ಲಿ ವರದಿ ಕೊಟ್ಟಿತು. ಬಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. 92% ಜನ ತಾವಾಗಿಯೋ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಗಾಡಿಗೆ ಗಾಡಿ ಬ್ರೇಕ್ ಬೇರೆ, ತೂಕ ಬೇರೆ, ತಿರುವಿನಲ್ಲಿ ವಾಲುವ ರೀತಿ ಬೇರೆ. ಸೈಕಲ್ ಓಡಿಸಿದಷ್ಟೇ ಸುಲಭ ಅಂತ ಹುಡುಗರು ತಿಳಿದಿರುತ್ತಾರೆ. ತಿರುವಿನಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ ಜಾರುವುದು ಹೊಸಬರಿಗೆ ಆಗುವಂಥದ್ದೇ.

ಅಮ್ಮನಿಗೆ ಕೆಲಸ ಕೊಡಿ. ಗಾಯ ತೊಳೆದು ಪಟ್ಟಿ ಬದಲಿಸುವುದು, ಯಾವ ಮಾತ್ರೆ ಎಷ್ಟು ಹೊತ್ತಿಗೆ ಅಂತ ಬರೆದಿಡುವುದು. ಬರೀ ಕೂತು ನೋಡುತ್ತಿದ್ದರೆ ಭಯ ಬೆಳೆಯುತ್ತದೆ. ನಿದ್ದೆ ಬಾರದಿರುವುದು, ಗಾಡಿ ಸದ್ದಿಗೆ ಬೆಚ್ಚಿಬೀಳುವುದು, ಆ ದೃಶ್ಯವೇ ಕಣ್ಣ ಮುಂದೆ ಬರುವುದು ಮೊದಲ ವಾರಗಳಲ್ಲಿ ಅಮ್ಮನಿಗೂ ಆಗಬಹುದು, ತಮ್ಮನಿಗೂ ಆಗಬಹುದು. ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಒಂದು ತಿಂಗಳು ದಾಟಿದರೂ ಹಾಗೇ ಇದ್ದರೆ ಮನಸ್ಸಿನ ಡಾಕ್ಟರನ್ನು ನೋಡಲೇಬೇಕು. ಏನಾಯ್ತು ಹೇಳು ಅಂತ ಅವನನ್ನು ಕೂರಿಸಿ ಬಾಯಿ ಬಿಡಿಸಬೇಡಿ, ಬಂದವರೆದುರು ಕಥೆ ಹೇಳಿಸಬೇಡಿ. ಅವನಾಗಿ ಹೇಳಿದಾಗ ನಡುವೆ ಬಾಯಿ ಹಾಕದೆ ಕೇಳಿ. ಮತ್ತೆ ಒಂದು ಮಾತು: ನಾನು ಇರದಿದ್ದರೇ ಚೆನ್ನಾಗಿತ್ತು ಅನ್ನುವಂಥ ಮಾತು ಅವನ ಬಾಯಿಂದ ಬಂದರೆ ತಿಂಗಳು ಕಾಯಬೇಡಿ, ಅವನನ್ನು ಒಂಟಿಯಾಗಿ ಬಿಡದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಗಾಡಿ ಬೇರೆಯವರು ಓಡಿಸ್ತಿದ್ರು ಅಂತ ಹೇಳಿಬಿಡೋಣ ಅಂತ ಚಿಕ್ಕಪ್ಪ ಸಲಹೆ ಕೊಟ್ಟಿದ್ದನ್ನೂ ಬರೆದಿದ್ದೀರಿ. ದಯವಿಟ್ಟು ಒಪ್ಪಬೇಡಿ. ಕಾನೂನಿನ ತೊಡಕು ಒಂದು ಕಡೆ ಇರಲಿ. ಒಂದು ಸುಳ್ಳನ್ನು ಕಾಪಾಡಲು ಆ ಹುಡುಗ ವರ್ಷಗಟ್ಟಲೆ ಎಚ್ಚರದಿಂದ ಇರಬೇಕಾಗುತ್ತದೆ. ತಪ್ಪಿಗೆ ತಲೆ ಕೊಡುವುದು ಹೇಗೆ ಅಂತ ಅವನು ಕಲಿಯುವ ಹೊತ್ತಿನಲ್ಲಿ ಮನೆಯ ದೊಡ್ಡವರೇ ತಪ್ಪಿಸಿಕೊಳ್ಳುವುದನ್ನು ಹೇಳಿಕೊಟ್ಟ ಹಾಗಾಗುತ್ತದೆ. ಬದಲಿಗೆ, ಕೈ ಸ್ವಲ್ಪ ಸರಿಹೋದ ಮೇಲೆ ಅಪ್ಪನ ಜೊತೆ ಆ ಗೆಳೆಯನ ಮನೆಗೆ ಅವನೇ ಹೋಗಿ ಬರಲಿ. ಗಾಡಿ ರಿಪೇರಿಯ ಖರ್ಚಿನಲ್ಲಿ ಒಂದು ಪಾಲನ್ನು ಅವನೇ ದುಡಿದು ಕೊಡಲಿ. ಶಿಕ್ಷೆ ಬೇಕು ಅಂತ ಅಪ್ಪ ಅನ್ನುವುದಾದರೆ ಇದಕ್ಕಿಂತ ನ್ಯಾಯವಾದದ್ದು ನನಗೆ ಹೊಳೆಯುತ್ತಿಲ್ಲ.

ಆ ಹೆಲ್ಮೆಟ್ ಮತ್ತೆ ಬಳಸಬೇಡಿ, ಯಾರಿಗೂ ಕೊಡಲೂಬೇಡಿ. ಒಳಗಿನ ಫೋಮ್ ಒಂದು ಸಲ ಅದುಮಿದರೆ ಮುಂಚಿನಂತೆ ಆಗುವುದಿಲ್ಲ, ಹೊರಗೆ ಬಿರುಕು ಕಾಣದಿದ್ದರೂ. ಹೆಲ್ಮೆಟ್ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟಿಗಿಟ್ಟು ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧಕರ ಬಳಗ 2008ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ ಅದು ತಲೆ ಪೆಟ್ಟಿನ ಅಪಾಯವನ್ನು ಸುಮಾರು 69%, ಸಾವಿನ ಅಪಾಯವನ್ನು ಸುಮಾರು 42% ಕಡಿಮೆ ಮಾಡುತ್ತದೆ. ಆದರೆ ಪಟ್ಟಿ ಬಿಗಿದಿದ್ದರೆ ತಾನೇ ಅದು ತಲೆಯ ಮೇಲೆ ನಿಲ್ಲುವುದು?

ಮುಂದೆ ಓಡಿಸಲು ಬಿಡಬೇಕಾ ಅಂತ ಕೊನೆಗೆ ಕೇಳಿದ್ದೀರಿ. ಲೈಸೆನ್ಸ್ ಬರುವ ತನಕ ಇಲ್ಲ, ಅದರಲ್ಲಿ ಚರ್ಚೆಯೇ ಬೇಡ. ಆಮೇಲೆ ಅವನಿಗೆ ಬೇಕು ಅನ್ನಿಸಿದರೆ, ಸರಿಯಾಗಿ ಹೇಳಿಕೊಡುವವರ ಹತ್ತಿರ ಮೊದಲಿನಿಂದ ಕಲಿಯಲಿ. ಜನ್ಮದಲ್ಲಿ ಬೈಕ್ ಮುಟ್ಟಲ್ಲ ಅಂತ ಈಗ ಆಣೆ ಹಾಕಿಸಬೇಡಿ. ಹಾಗೆ ಆಣೆ ಮಾಡಿದವರು ಮುಂದೆ ಕದ್ದು ಓಡಿಸುತ್ತಾರೆ, ಕದ್ದು ಓಡಿಸುವವರು ಹೆಲ್ಮೆಟ್ ಹುಡುಕುತ್ತಾ ಕೂರುವುದಿಲ್ಲ.

ಕಾಲರ್ ಬೋನ್ ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕೂಡುತ್ತದೆ. ಸ್ಲಿಂಗ್ ಹಾಕಿದ್ದರೂ ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಲಿ. ಭುಜ ಯಾವಾಗ ಎತ್ತಬಹುದು ಅಂತ ಡಾಕ್ಟರೇ ಹೇಳುತ್ತಾರೆ. ಮುಂದಿನ ಚೆಕಪ್‌ಗೆ ನೀವು ಹೋಗಬೇಡಿ, ಏನಾದರೂ ನೆಪ ಹೇಳಿ ಅಪ್ಪನನ್ನೇ ಅವನ ಜೊತೆ ಕಳಿಸಿ. ಮನೆಯಲ್ಲಿ ಏನು ವ್ಯಾಯಾಮ ಮಾಡಿಸಬೇಕು ಅಂತ ಡಾಕ್ಟರ್ ಅಪ್ಪನಿಗೇ ಹೇಳಿಕೊಡಲಿ. ಅದು ದಿನಾ ಮಾಡಿಸಬೇಕಾದ ಕೆಲಸ, ಬಾಯಿ ಬಿಡದೆ ಮಾಡಿಸಲು ಆಗುವುದಿಲ್ಲ.