ಕೆಲಸ ಹೋಯ್ತು, ಒಂದು ಸಲ ಊರಿಗೆ ಬಂದು ಹೋಗಲಾ?

ಪ್ರಶ್ನೆ: ಸರ್, ನಾನು ಹಾಸನದವನು. 9 ವರ್ಷದಿಂದ ಅಮೆರಿಕದ ಡಲ್ಲಾಸ್ ಹತ್ತಿರ ಎಚ್-1ಬಿ ವೀಸಾದಲ್ಲಿ (ಕಂಪನಿ ಮಾಡಿಸಿಕೊಡುವ ಕೆಲಸದ ವೀಸಾ) ಇದ್ದೇನೆ. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಅಪ್ರೂವ್ ಆಗಿ 4 ವರ್ಷ ಆಯಿತು. ಹೋದ ವಾರ ಕಂಪನಿಯವರು ಹತ್ತು ನಿಮಿಷದ ಕಾಲ್‌ನಲ್ಲಿ ನನ್ನನ್ನು ತೆಗೆದುಹಾಕಿದರು. ಬೇರೆ ಕಡೆ ವಿಚಾರಿಸಿದರೆ ವೀಸಾ ಅಂದ ಕೂಡಲೇ ‘ತಿಳಿಸ್ತೀವಿ’ ಅಂತ ಫೋನ್ ಇಡುತ್ತಾರೆ. ಅಪ್ಪನಿಗೂ ಹುಷಾರಿಲ್ಲ. ತಲೆ ಕೆಟ್ಟುಹೋಗಿದೆ, ಹದಿನೈದು ದಿನ ಊರಿಗೆ ಬಂದು ಹೋಗೋಣ ಅನ್ನಿಸುತ್ತಿದೆ. ಮಗಳು ಇಲ್ಲೇ ಹುಟ್ಟಿದವಳು, 2ನೇ ಕ್ಲಾಸು. ಮನೆಯಲ್ಲಿ ಹೆಂಡತಿ ಬಿಟ್ಟು ಯಾರಿಗೂ ಹೇಳಿಲ್ಲ.

ಉತ್ತರ: ಮೊದಲು ದಿನ ಎಣಿಸಿ. ಕೆಲಸ ಹೋದ ಮೇಲೆ ಅಲ್ಲಿರಲು ಸಿಗುವುದು ಹೆಚ್ಚೆಂದರೆ 60 ದಿನ. ನಿಮ್ಮ ಐ-94 (ಎಲ್ಲಿಯವರೆಗೆ ಅಲ್ಲಿರಬಹುದು ಎಂಬ ದಾಖಲೆ) ಅದಕ್ಕೂ ಮುಂಚೆ ಮುಗಿದರೆ ಅಲ್ಲಿಗೇ ನಿಂತಿತು. ಲೆಕ್ಕ ಶುರುವಾಗುವುದು ಸಾಮಾನ್ಯವಾಗಿ ಸಂಬಳ ಸಂದಾಯವಾದ ಕೊನೇ ದಿನದಿಂದ, ಹಾಗಾಗಿ ಪೇರೋಲ್‌ನಲ್ಲಿ ನಿಮ್ಮ ಕಡೇ ದಿನ ಯಾವುದು ಎಂದು ಎಚ್‌ಆರ್‌ನಿಂದ ಇಮೇಲ್‌ನಲ್ಲೇ ತರಿಸಿಕೊಳ್ಳಿ. ಕೆಲಸದಿಂದ ತೆಗೆದಾಗ ಕೊಡುವ ಸೆವೆರೆನ್ಸ್ ಹಣ ಬಂತು ಅಂತ ದಿನ ಜಾಸ್ತಿ ಆಗುವುದಿಲ್ಲ. ಇದರಲ್ಲಿ ತುಂಬ ಜನ ಎಡವುತ್ತಾರೆ. ನಾನು 2009ರಲ್ಲಿ ನ್ಯೂಜೆರ್ಸಿಯಲ್ಲಿ ಕೆಲಸ ಕಳೆದುಕೊಂಡಾಗ ಈ 60 ದಿನವೂ ಇರಲಿಲ್ಲ, ಆ ನಿಯಮ ಬಂದದ್ದೇ 2017ರಲ್ಲಿ. ಮನೆ ಸಾಮಾನು ಅರ್ಧ ಬೆಲೆಗೆ ಮಾರಿ ಬಂದೆ. ಅಕ್ಕಿ ಕುಕ್ಕರ್ ಮಾತ್ರ ಹೊತ್ತು ತಂದೆ, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಈಗ ಊರಿಗೆ ಬರುವ ವಿಷಯ. ಬೇರೆ ಸಮಯದಲ್ಲಾದರೆ ‘ಬನ್ನಿ, ಗಾಳಿ ಬದಲಾಗುತ್ತದೆ’ ಅನ್ನುತ್ತಿದ್ದೆ. ಈಗ ಅನ್ನಲಾರೆ. ನೀವು ವಿಮಾನ ಹತ್ತಿದ ಕೂಡಲೇ ಆ 60 ದಿನ ಮುಗಿಯಿತು, ಕೆಲಸವಿಲ್ಲದೆ ಹಳೇ ವೀಸಾ ತೋರಿಸಿ ವಾಪಸ್ ಹೋಗಲು ಆಗುವುದಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು 2025ರ ಸೆಪ್ಟೆಂಬರ್‌ನದು. ದೇಶದ ಹೊರಗಿರುವವರಿಗೆ, ಕೈಯಲ್ಲಿ ಚಾಲ್ತಿ ಎಚ್-1ಬಿ ವೀಸಾ ಇಲ್ಲದಿದ್ದರೆ, ಹೊಸ ಅರ್ಜಿ ಹಾಕುವ ಕಂಪನಿ 1 ಲಕ್ಷ ಡಾಲರ್ ಕಟ್ಟಬೇಕು. ನಮ್ಮ ಲೆಕ್ಕದಲ್ಲಿ 90 ಲಕ್ಷ ರೂಪಾಯಿಯ ಆಸುಪಾಸು. ಯಾವ ಕಂಪನಿ ಕಟ್ಟೀತು? ಸ್ಟಾಂಪಿಂಗ್‌ಗೆ (ಪಾಸ್‌ಪೋರ್ಟಿಗೆ ವೀಸಾ ಹಾಕಿಸಲು) ಚೆನ್ನೈಗೋ ಹೈದರಾಬಾದಿಗೋ ಓಡಬೇಕು, ಅದೇ ವರ್ಷ ಡಿಸೆಂಬರ್‌ನಲ್ಲಿ ಸೋಷಿಯಲ್ ಮೀಡಿಯಾ ತಪಾಸಣೆ ಬಂದಾಗ ಎಷ್ಟೋ ಜನರ ಅಪಾಯಿಂಟ್‌ಮೆಂಟ್ ತಿಂಗಳುಗಟ್ಟಲೆ ಮುಂದೆ ಹೋಯಿತು, ಮದುವೆಗೆಂದು ಬಂದವರು ಇಲ್ಲೇ ಸಿಕ್ಕಿಹಾಕಿಕೊಂಡರು.

ಆದರೆ ಅಲ್ಲೇ ಇದ್ದು ಹೊಸ ಕಂಪನಿಗೆ ಎಚ್-1ಬಿ ಟ್ರಾನ್ಸ್‌ಫರ್ ಮಾಡಿಸಿಕೊಂಡರೆ ಆ 1 ಲಕ್ಷ ಡಾಲರ್ ಇಲ್ಲ. ಫೋನ್ ಇಡುವ ರಿಕ್ರೂಟರ್‌ಗಳಿಗೆ ಇದು ಗೊತ್ತಿರುವುದಿಲ್ಲ, ಶುಲ್ಕದ ಸುದ್ದಿ ಮಾತ್ರ ಕೇಳಿರುತ್ತಾರೆ. ನೀವೇ ಮೊದಲು ಹೇಳಿ: ನಾನು ಇಲ್ಲೇ ಇದ್ದೇನೆ, ಹೊಸಬರಿಗಿರುವ ವೀಸಾ ಲಾಟರಿ ಬೇಡ, ಆ ಶುಲ್ಕ ಬೇಡ, ಐ-140 ಇದೆ. ಹೊಸ ಕಂಪನಿ 60 ದಿನದೊಳಗೆ ಅರ್ಜಿ ಹಾಕಿದರೆ ಸಾಕು, ಅಪ್ರೂವ್ ಆಗುವವರೆಗೆ ಕಾಯದೆ ಕೆಲಸ ಶುರು ಮಾಡಬಹುದು. ಆಗಲೇ ಇಲ್ಲ ಅನ್ನಿಸಿದರೆ ದಿನ ಮುಗಿಯುವ ಮುಂಚೆ ವಿಸಿಟರ್ ಸ್ಟೇಟಸ್‌ಗೆ ಅರ್ಜಿ ಹಾಕುವವರೂ ಇದ್ದಾರೆ. ಉಸಿರಾಡಲು ಸ್ವಲ್ಪ ಸಮಯ ಸಿಗುತ್ತದೆ. ಆದರೆ ಆಗ ದುಡಿಯುವಂತಿಲ್ಲ, ಮುಂದೆ ಎಚ್-1ಬಿಗೆ ಮರಳುವುದೂ ಗೋಜಲು. ಇದನ್ನು ವಕೀಲರನ್ನು ಕೇಳದೆ ಮಾಡಬೇಡಿ.

ಐ-140 ಚಿಂತೆ ಬಿಡಿ. ಅಪ್ರೂವ್ ಆಗಿ 180 ದಿನ ದಾಟಿದ್ದರೆ ಕಂಪನಿ ವಾಪಸ್ ತೆಗೆದುಕೊಂಡರೂ ಗ್ರೀನ್ ಕಾರ್ಡ್ ಸರತಿಯಲ್ಲಿ ನಿಮ್ಮ ಜಾಗ ಹೋಗುವುದಿಲ್ಲ. ಒಂದು ದೇಶದವರಿಗೆ ಗ್ರೀನ್ ಕಾರ್ಡಿನಲ್ಲಿ ಶೇ. 7 ಮಾತ್ರ ಎಂಬ 1990ರ ಕಾನೂನಿನಿಂದ ನಮ್ಮವರ ಸರತಿ ಹನುಮಂತನ ಬಾಲ, ಅದು ಬೇರೆ ಮಾತು. ಹೊಸ ಕಂಪನಿ ಕಾಗದವನ್ನೆಲ್ಲ ಮತ್ತೆ ಮಾಡಬೇಕು, ಸರತಿಯ ಹಳೇ ತಾರೀಖು ಮಾತ್ರ ನಿಮ್ಮದೇ. ಹಳೇ ಕಂಪನಿಯಿಂದ ಐ-140 ಪ್ರತಿ ಈಗಲೇ ಕೇಳಿ ಇಟ್ಟುಕೊಳ್ಳಿ. ವಾಪಸ್ ಬರಲೇಬೇಕಾದರೆ ನಿಮ್ಮೊಬ್ಬರ ಟಿಕೆಟ್ ಖರ್ಚು ಕೊಡುವುದು ನಿಮ್ಮನ್ನು ತೆಗೆದ ಕಂಪನಿಯ ಹೊಣೆ, ಸಂಕೋಚ ಬೇಡ. ಮಗಳದು ಅಮೆರಿಕದ ಪಾಸ್‌ಪೋರ್ಟ್, ಅಲ್ವಾ? ಒಸಿಐ (ವಿದೇಶಿ ಪಾಸ್‌ಪೋರ್ಟ್ ಇರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಮಾಡಿಸಿಲ್ಲದಿದ್ದರೆ ಈ ವಾರವೇ ಹಾಕಿ.

ಇನ್ನೊಂದು. ‘ದುಡ್ಡು ನೀವೇ ಕೊಡಿ, ಕೆಲಸ ಮಾಡದಿದ್ದರೂ ನಮ್ಮ ಪೇರೋಲ್‌ನಲ್ಲಿ ತೋರಿಸುತ್ತೇವೆ’ ಎಂದು ಯಾರಾದರೂ ಫೋನ್ ಮಾಡುತ್ತಾರೆ, ಮಾಡಿಯೇ ಮಾಡುತ್ತಾರೆ. ಅದು ವಂಚನೆ. ಸಿಕ್ಕಿಬಿದ್ದರೆ 9 ವರ್ಷವೂ ನೀರಲ್ಲಿ ಮಾಡಿದ ಹೋಮ.

ಅಪ್ಪನಿಗೆ ಎಷ್ಟು ಹುಷಾರಿಲ್ಲ ಅಂತ ನೀವು ಬರೆದಿಲ್ಲ. ಬಿಪಿ, ಮಂಡಿ ನೋವು ಆದರೆ ವಿಡಿಯೋ ಕಾಲ್ ಸಾಕು. ಡಾಕ್ಟರು ‘ಮಕ್ಕಳನ್ನು ಕರೆಸಿ’ ಅಂದಿದ್ದರೆ ಮೇಲೆ ಹೇಳಿದ್ದನ್ನೆಲ್ಲ ಮರೆತು ಬನ್ನಿ. ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಕೆಲಸ ಹೋದ ವಿಷಯವನ್ನು ಊರಲ್ಲಿ ಒಬ್ಬರಿಗಾದರೂ ಹೇಳಲೇಬೇಕು, ಅವರು ನಿಮ್ಮಿಂದ ಏನೂ ಮುಚ್ಚಿಡದಂಥವರಾಗಿರಲಿ.

ಪ್ರಶ್ನೆ: ಮಗನಿಗೆ ಎಚ್-1ಬಿ ಗ್ಯಾರಂಟಿ ಅಂತ ಮೈಸೂರಿನ ಏಜೆಂಟರೊಬ್ಬರು 5 ಲಕ್ಷ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಬೇಡ. ಹೊಸ ಎಚ್-1ಬಿ ವರ್ಷಕ್ಕೆ 65,000, ಅಮೆರಿಕದಲ್ಲಿ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಜಾಸ್ತಿ ಜನ ಬಂದರೆ ಆಯ್ಕೆ ಸರ್ಕಾರದ್ದು, ಹೆಸರು ನೋಂದಾಯಿಸುವುದು ಕೆಲಸ ಕೊಡುವ ಕಂಪನಿ. ಗ್ಯಾರಂಟಿ ಕೊಡಲು ಏಜೆಂಟರ ಹತ್ತಿರ ಏನಿದೆ? ಆ 1 ಲಕ್ಷ ಡಾಲರ್ ಯಾರು ಕಟ್ಟುತ್ತಾರೆ ಅಂತ ಒಂದು ಸಲ ಕೇಳಿ ನೋಡಿ.