ಮಾತ್ರೆ ಬಿಟ್ಟ ಮೇಲೆ ಜ್ವರ, ನಾಡಿ 150

ಗ್ರೇವ್ಸ್ ಕಾಯಿಲೆಯ (ಥೈರಾಯ್ಡ್ ಅತಿಯಾಗಿ ಹಾರ್ಮೋನ್ ಸುರಿಸುವ ಕಾಯಿಲೆ) ನಿಮ್ಮ ತಾಯಿ ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ಬಿಟ್ಟು ಮೂರು ವಾರ, ಈಗ 103 ಡಿಗ್ರಿ ಜ್ವರ, ನಾಡಿ 150, ಅಸಂಬದ್ಧ ಮಾತು ಅಂದಿರಿ. ಥೈರಾಯ್ಡ್ ಸ್ಟಾರ್ಮ್, ಅಂದರೆ ಥೈರಾಯ್ಡ್ ಹಾರ್ಮೋನ್ ಮಿತಿಮೀರಿ ಜೀವಕ್ಕೇ ಅಪಾಯವಾಗುವ ಸ್ಥಿತಿ, ಇರುವ ಸಾಧ್ಯತೆ ಹೆಚ್ಚು. ಬರೀ ಸೋಂಕೂ ಇರಬಹುದು, ಇಲ್ಲಿಂದ ಹೇಳಲಾಗದು. ಎರಡಕ್ಕೂ ಐಸಿಯು ಬೇಕು. ಈಗಲೇ 108ಕ್ಕೆ ಕರೆ ಮಾಡಿ.

ನುಂಗುವಷ್ಟು ಎಚ್ಚರವಿದ್ದರೆ ಮಾತ್ರ ಪ್ಯಾರಾಸಿಟಮಾಲ್ ಕೊಡಿ. ಆಸ್ಪಿರಿನ್ ಬೇಡವೇ ಬೇಡ, ರಕ್ತದ ಪ್ರೋಟೀನಿಗೆ ಅಂಟಿಕೊಂಡ ಥೈರಾಯ್ಡ್ ಹಾರ್ಮೋನನ್ನು ಅದು ಬಿಡಿಸಿಬಿಡುತ್ತದೆ. ತಪ್ಪಿದ ಮಾತ್ರೆಗಳನ್ನು ಒಟ್ಟಿಗೆ ನುಂಗಿಸಬೇಡಿ.

ಖಾಲಿ ಸ್ಟ್ರಿಪ್, ಹಳೆಯ ವರದಿ ಜೊತೆಗಿರಲಿ. ಕ್ಯಾಶುವಾಲ್ಟಿಯಲ್ಲಿ ಮೊದಲ ಮಾತೇ 'ಗ್ರೇವ್ಸ್, ಮಾತ್ರೆ ನಿಂತಿದೆ' ಅನ್ನಿ. ಆಸ್ತಮಾ ಇದ್ದರೆ ತಪ್ಪದೆ ಹೇಳಿ, ನಾಡಿ ಇಳಿಸಲು ಕೊಡುವ ಪ್ರೊಪ್ರನೊಲಾಲ್ ಉಸಿರುಕಟ್ಟಿಸಬಹುದು. ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆಯ ವರದಿಗಾಗಿ ಚಿಕಿತ್ಸೆ ಕಾಯಬಾರದು. ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಪಿಟಿಯು (ಹೊಸ ಥೈರಾಯ್ಡ್ ಹಾರ್ಮೋನ್ ತಯಾರಿ ತಡೆಯುವ ಔಷಧ) 500ರಿಂದ 1000 ಮಿಗ್ರಾಂ, ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಪಿಟಿಯು ಕೊಟ್ಟು ಒಂದು ಗಂಟೆಯಾದ ಮೇಲಷ್ಟೇ ಅಯೋಡಿನ್. ಮೊದಲೇ ಕೊಟ್ಟರೆ ಅದೇ ಹೊಸ ಹಾರ್ಮೋನಿಗೆ ಕಚ್ಚಾ ಸಾಮಗ್ರಿ.